ತೋಳಿನ ಮೇಲಿನ ಎರಡು ಕಲೆ

ಸೊಗಡಿನ ಅವರೆಕಾಯಿ ಬಂತೆಂದರೆ ನಮ್ಮ ಮನೆಗೂ ಪಕ್ಕದ ಮನೆ ಅಕ್ಕನ ಮನೆಗೂ ನಡುವಿನ ಕಾಂಪೌಂಡಿಗೆ ಕೆಲಸ ಬಂತು ಅಂತಲೇ ಲೆಕ್ಕ. ಎದೆಮಟ್ಟದ ಗೋಡೆ ಅದು. ಮೇಲೆ ಅವರ ಕಡೆಯಿಂದ ಒಂದು ಮೊರ, ನಮ್ಮ ಕಡೆಯಿಂದ ಒಂದು ಬೇಸಿನ್ನು. ರಾತ್ರಿ ನೆನೆಹಾಕಿದ ಕಾಳನ್ನು ಹಿತುಕುತ್ತ ನಿಂತರೆ ಹತ್ತು ಗಂಟೆಯ ಬಿಸಿಲು ಬೆನ್ನಿಗೆ ಹಿತವಾಗಿ ಬೀಳುತ್ತದೆ, ಕೈ ತನ್ನ ಪಾಡಿಗೆ ತಾನು ಆಡುತ್ತಿರುತ್ತದೆ, ಮಾತಿಗೆ ಯಾವ ಅವಸರವೂ ಇರುವುದಿಲ್ಲ. ಇಪ್ಪತ್ತೆಂಟು ವರ್ಷದಿಂದ ಇಬ್ಬರೂ ಹೀಗೇ ನಿಲ್ಲುತ್ತಿದ್ದೇವೆ. ಅಕ್ಕನಿಗೆ ಈಗ ಎಪ್ಪತ್ತೈದು ದಾಟಿದೆ. ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾಗಿ ಎಂಟು ವರ್ಷವಾಯಿತು.

ಮೊನ್ನೆ ಭಾನುವಾರ ಅಕ್ಕನ ಮೊಮ್ಮಗಳು ನೋಟ್‌ಬುಕ್ಕು ಹಿಡಿದು ಬಂದಳು. ಅವಳ ಶಾಲೆಯಲ್ಲಿ ಕ್ವಿಜ್ ಅಂತೆ. ಇಪ್ಪತ್ತನೇ ಶತಮಾನದ ಕೊನೆಯ ಭಾಗದಲ್ಲಿ ಜಗತ್ತಿನಲ್ಲಿ ನಡೆದ ಹತ್ತು ದೊಡ್ಡ ಘಟನೆಗಳನ್ನು ಪಟ್ಟಿ ಮಾಡಿಕೊಂಡು ಬರಬೇಕಂತೆ. ಒಂಬತ್ತು ಆಗಿದೆ, ಇನ್ನೊಂದು ಹೇಳಿ ಎಂದು ನನ್ನನ್ನು ಕೇಳಿದಳು. ಓದು ನೋಡೋಣ ಅಂದೆ. ಚೆರ್ನೋಬಿಲ್ 1986, ಬರ್ಲಿನ್ ಗೋಡೆ 1989, ನೆಲ್ಸನ್ ಮಂಡೇಲಾ ಬಿಡುಗಡೆ 1990, ಕುವೈತ್ ಮೇಲೆ ಇರಾಕ್ ದಾಳಿ 1990, ಸೋವಿಯತ್ ಒಕ್ಕೂಟ ಒಡೆದದ್ದು 1991, ಡಾಲಿ ಕುರಿ 1996. ಹೀಗೆ ಸರಾಗವಾಗಿ ಓದಿದಳು.

ಒಂದೊಂದು ಹೆಸರಿಗೂ ಅಕ್ಕನ ಹತ್ತಿರ ಒಂದೊಂದು ನೆನಪು. ಬರ್ಲಿನ್ ಅಂದ ಕೂಡಲೇ, "ಗೋಡೆ ಮೇಲೆ ಹತ್ತಿ ನಿಂತು ಹುಡುಗರು ಕುಣೀತಿದ್ರಲ್ಲ, ಟೀವಿಲಿ ತೋರಿಸಿದ್ರು. ಆಚೆ ಕಡೆಯವರು ಈಚೆ ಕಡೆಯವರನ್ನ ತಬ್ಕೊಂಡು ಅಳ್ತಿದ್ರು. ನಮ್ಮನೆಯವರು ಆವತ್ತು ಊಟಕ್ಕೆ ಕೂತೋರು ತಟ್ಟೆ ಬಿಟ್ಟು ಎದ್ದು ನೋಡಿದ್ರು" ಎಂದರು. ಕುವೈತ್ ಅಂದಾಗ ಅವರ ಕೈ ನಿಂತಿತು. ಅವರ ಮೈದುನ ಅಲ್ಲಿದ್ದರು. ಆಗಸ್ಟ್ ತಿಂಗಳ ಆರಂಭದಿಂದ ಕಾಗದವಿಲ್ಲ, ಫೋನಿಲ್ಲ. ಆಮೇಲೆ ಯಾವುದೋ ಬಸ್ಸಿನಲ್ಲಿ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿ ಬಿಸಿಲಲ್ಲಿ ಡೇರೆಯಲ್ಲಿ ಕಾದು, ಏರ್ ಇಂಡಿಯಾ ವಿಮಾನ ಹತ್ತಿ ಮುಂಬಯಿಗೆ ಬಂದಿಳಿದರು. ಆ ಸಲ 1,70,000ಕ್ಕೂ ಹೆಚ್ಚು ಭಾರತೀಯರನ್ನು ಹಾಗೆ ಕರೆತಂದರು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ಎರಡು ತಿಂಗಳ ಮಾತು ಇನ್ನೂ ಬರುತ್ತದೆ. ಅಕ್ಕ ಅದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಮೊರ ಜಾರಿತು. ಹಿಡಿಯಲು ಅವರು ಕೈ ಚಾಚಿದರು, ರವಿಕೆಯ ತೋಳು ಮೇಲೆ ಸರಿಯಿತು.

ಹುಡುಗಿ ಅಲ್ಲೇ ಬೆರಳಿಟ್ಟಳು. "ಅಜ್ಜಿ, ಇದೇನು? ಸುಟ್ಕೊಂಡಿದ್ದಾ?"

ಎಡತೋಳಿನ ಮೇಲೆ ಒಂದರ ಕೆಳಗೊಂದು ಎರಡು ಕಲೆ. ಹಳೆಯ ನಾಲ್ಕಾಣೆಯಷ್ಟು ಅಗಲ, ನಡುವೆ ಸ್ವಲ್ಪ ತಗ್ಗು, ಚರ್ಮ ಅಲ್ಲಿ ನಯವಾಗಿ ಹೊಳೆಯುತ್ತದೆ, ಸುತ್ತ ಸಣ್ಣ ಸಣ್ಣ ಗೆರೆ. ಅಂಥದೇ ಎರಡು ನನ್ನ ತೋಳಿನಲ್ಲೂ ಇವೆ.

"ದಾಕು ಕಣೆ" ಎಂದರು ಅಕ್ಕ.

"ಹಂಗಂದ್ರೆ?"

ನನಗೆ ಒಳಗೊಳಗೇ ಏನೋ ಒಂಥರಾ ಆಯಿತು. ಅರವತ್ತು ದಾಟಿದ ಯಾರನ್ನು ಕೇಳಿದರೂ ಗೊತ್ತಿರುವ ಒಂದು ಮಾತು, ಏಳನೇ ಕ್ಲಾಸಿನ ಜಾಣೆ ಹುಡುಗಿಗೆ ಅರ್ಥವೇ ಆಗಲಿಲ್ಲ. ಅರ್ಥವಾಗದೆ ಇದ್ದದ್ದೇ ಎಷ್ಟು ದೊಡ್ಡ ಭಾಗ್ಯ ಅನ್ನಿಸಿತು. "ಬರ್ಕೊ ಮಗು, ನಿನ್ನ ಹತ್ತನೇದು ಸಿಕ್ತು. ಅದನ್ನ ಹತ್ತನೇದು ಮಾಡಬೇಡ, ಒಂದನೇದು ಮಾಡು" ಅಂದೆ.

ದಾಕು ಎಂದರೆ ಸಿಡುಬು ಬರದ ಹಾಗೆ ಹಾಕುತ್ತಿದ್ದ ಲಸಿಕೆ. ಉತ್ತರ ಕರ್ನಾಟಕದ ಕಡೆ ದೇವಿ ಹಾಕೋದು ಅನ್ನುತ್ತಿದ್ದರು. ನಮ್ಮ ಕಾಲಕ್ಕೆ ಅದು ಸೂಜಿಯಲ್ಲ. ಒಂದು ಹಿಡಿ, ಅದರ ತುದಿಗೆ ಹಲ್ಲು ಹಲ್ಲಾಗಿರುವ ಪುಟ್ಟ ಬಿಲ್ಲೆ. ತೋಳಿನ ಮೇಲೆ ಒಂದು ಹನಿ ಔಷಧಿ ಬಿಟ್ಟು, ಬಿಲ್ಲೆಯನ್ನು ಒತ್ತಿ ಗಿರ್ರನೆ ತಿರುಗಿಸಿಬಿಡುತ್ತಿದ್ದರು. ಆ ಕ್ಷಣದ ನೋವು ಏನೂ ಅಲ್ಲ. ನಾಲ್ಕೈದು ದಿನಕ್ಕೆ ಬೊಬ್ಬೆ ಏಳುತ್ತಿತ್ತು, ಕೀವು ತುಂಬುತ್ತಿತ್ತು, ಕಂಕುಳಲ್ಲಿ ಗಡ್ಡೆ ಕಟ್ಟಿ ಜ್ವರ ಬರುತ್ತಿತ್ತು. ಹಕ್ಕಳೆ ಕಟ್ಟಿ ಉದುರುವುದಕ್ಕೆ ಮೂರು ವಾರ. ದಾಕು ಹಾಕೋರು ಬಂದರು ಅಂತ ಸುದ್ದಿಯಾದರೆ ನಮ್ಮ ಶಾಲೆಯ ಅರ್ಧ ಹುಡುಗರು ಕಿಟಕಿ ಹಾರಿ ಹೊಲಕ್ಕೆ ಓಡುತ್ತಿದ್ದರು. ನಾನು ಕಣಜದ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಅಪ್ಪ ಹುಡುಕಿ, ಎತ್ತಿಕೊಂಡು ಹೋಗಿ, ಹಾಕಿಸಿ, ದಾರಿಯುದ್ದಕ್ಕೂ ಸಮಾಧಾನ ಮಾಡುತ್ತ ಕರೆತಂದದ್ದು ಚೆನ್ನಾಗಿ ನೆನಪಿದೆ.

"ನನ್ ಕೈಲೂ ಒಂದಿದೆಯಲ್ಲ" ಎಂದು ಹುಡುಗಿ ತನ್ನ ತೋಳು ತೋರಿಸಿದಳು. ಅವಳದು ಬಿಸಿಜಿ, ಹುಟ್ಟಿದ ಕೂಡಲೇ ಕ್ಷಯದ ವಿರುದ್ಧ ಕೊಡುವ ಚುಚ್ಚುಮದ್ದಿನ ಗುರುತು. ಅವಳಮ್ಮ 1982ರಲ್ಲಿ ಹುಟ್ಟಿದವಳು, ಅವಳ ತೋಳಲ್ಲೂ ದಾಕಿನ ಕಲೆ ಇಲ್ಲ. ಅಕ್ಕನ ಮನೆಯಲ್ಲಿ ಆ ಕಲೆ ಅಕ್ಕನಿಗೇ ಕೊನೆ.

ಆಮೇಲೆ ಅಕ್ಕ ಒಂದು ಸಂಗತಿ ಹೇಳಿದರು. ಇಷ್ಟು ವರ್ಷದ ನೆರೆಹೊರೆಯಲ್ಲಿ ಅವರು ಅದನ್ನು ನನ್ನ ಹತ್ತಿರ ಹೇಳಿರಲಿಲ್ಲ. ಅವರಿಗೊಬ್ಬ ತಮ್ಮನಿದ್ದ. ಹಳ್ಳಿಯಲ್ಲಿದ್ದಾಗ, 1958ರಲ್ಲಿ, ಅವನಿಗೆ ಮೂರು ವರ್ಷ ತುಂಬಿ ನಾಲ್ಕು ನಡೆಯುತ್ತಿತ್ತು. ಅದಕ್ಕೆ ಮುಂಚಿನ ವರ್ಷ ದಾಕು ಹಾಕೋರು ಬಂದಿದ್ದಾಗ ಹುಡುಗನಿಗೆ ನೆಗಡಿ, ಜ್ವರ. ಈಗ ಬೇಡ, ಮುಂದಿನ ಸಲ ಹಾಕಿಸಿದರಾಯಿತು ಅಂತ ಅವರಮ್ಮ ಅವನನ್ನು ನಡುಮನೆಯಲ್ಲಿ ಮುಚ್ಚಿಟ್ಟುಬಿಟ್ಟರಂತೆ. ಮುಂದಿನ ಸಲ ಬರುವಷ್ಟರಲ್ಲಿ ಊರಿಗೆ ಅಮ್ಮ, ಅಂದರೆ ಸಿಡುಬು, ಬಂದಿತ್ತು.

"ಮೊದಲು ಮೂರು ದಿನ ಸುಡೋ ಜ್ವರ. ಆಮೇಲೆ ಮುಖದ ಮೇಲೆ, ಕೈ ಮೇಲೆ ಎದ್ದಿತು. ಅಂಗೈ ಅಂಗಾಲಲ್ಲೂ ಎದ್ದಿತು. ಬಾಳೆ ಎಲೆ ಮೇಲೆ ಮಲಗಿಸಿದ್ರು. ಬೇವಿನ ಸೊಪ್ಪಲ್ಲಿ ಸವರ್ತಾ ಅಮ್ಮ ಪಕ್ಕದಲ್ಲೇ ಕೂತಿರೋರು. ಮನೆಗೆ ಯಾರೂ ಬರೋ ಹಾಗಿಲ್ಲ, ನಾವೂ ಎಲ್ಲೂ ಹೋಗೋ ಹಾಗಿಲ್ಲ. ಒಗ್ಗರಣೆ ಹಾಕೋ ಹಾಗಿಲ್ಲ. ಅಮ್ಮನಿಗೆ ಆಗಲ್ಲ ಅಂತ. ಬರೀ ಮಜ್ಜಿಗೆ ಅನ್ನ. ಹತ್ತನೇ ದಿನ ಹೋದ" ಎಂದರು ಅಕ್ಕ. ಸ್ವಲ್ಪ ತಡೆದು, "ಎಷ್ಟೋ ದಿನ ಆದ್ಮೇಲೆ ಅಮ್ಮ ಒಂದಿನ ಸಾರಿಗೆ ಒಗ್ಗರಣೆ ಹಾಕಿದ್ರು. ಸಾಸಿವೆ ಚಟಪಟ ಅಂತಿದ್ದ ಹಾಗೇ ಅಪ್ಪ ಜಗುಲಿ ಮೇಲೆ ಕೂತಿದ್ದೋರು ಗಟ್ಟಿಯಾಗಿ ಅತ್ತುಬಿಟ್ರು. ಅಪ್ಪ ಅತ್ತಿದ್ದು ನಾನು ನೋಡಿದ್ದು ಅದೊಂದೇ ಸಲ" ಎಂದರು.

ಅವನ ಫೋಟೊ ಇಲ್ಲ. ಬೆಳ್ಳಿಯ ಕಾಲ್ಕಡಗವಿತ್ತಂತೆ, ಅದನ್ನೂ ಜೊತೆಗೇ ಕಳಿಸಿದರಂತೆ.

ಹುಡುಗಿ ಸುಮ್ಮನೆ ನಿಂತಿದ್ದಳು. ಆಮೇಲೆ, "ಅಂಥ ಕಾಯಿಲೆ ಹೇಗೆ ಹೋಯ್ತು?" ಎಂದು ಕೇಳಿದಳು. ಕ್ವಿಜ್ಜಿಗೆ ಒಂದು ಸಾಲು ಸಾಕಿತ್ತು. ನಾನು ಒಂದು ಸಾಲಿಗೆ ನಿಲ್ಲಲಿಲ್ಲ. ಈ ಕಥೆಯನ್ನು ನಾನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದೇನೆ, ಪಠ್ಯದಲ್ಲಿ ಇಲ್ಲದಿದ್ದರೂ ಹೇಳಿದ್ದೇನೆ.

ಅಕ್ಕನ ತಮ್ಮ ಹೋದ ಅದೇ 1958ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ನಡೆಯಿತು. ಅಲ್ಲಿ ಸೋವಿಯತ್ ದೇಶದ ಪ್ರತಿನಿಧಿ ವಿಕ್ಟರ್ ಝ್ದಾನೊವ್ ಎದ್ದು ನಿಂತು, ಸಿಡುಬನ್ನು ಭೂಮಿಯಿಂದಲೇ ಇಲ್ಲವಾಗಿಸೋಣ ಎಂದು ಸೂಚಿಸಿದರು. ಶೀತಲ ಸಮರದ ಕಾಲ. ಅವರು ಮಾತು ತೆಗೆದದ್ದು ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ 1806ರಲ್ಲಿ ಸಿಡುಬಿನ ಲಸಿಕೆ ಕಂಡುಹಿಡಿದ ಎಡ್ವರ್ಡ್ ಜೆನ್ನರ್‌ಗೆ ಬರೆದ ಕಾಗದದಿಂದ. ಮುಂದಿನ ಜನರಿಗೆ ಈ ರೋಗ ಚರಿತ್ರೆಯಿಂದ ಮಾತ್ರ ಗೊತ್ತಾಗಲಿದೆ ಎಂಬ ಅರ್ಥದ ಕಾಗದ ಅದು. ಎದುರಾಳಿ ದೇಶದ ಹಿರಿಯನ ಮಾತನ್ನೇ ಹಿಡಿದು ಎದುರಾಳಿಯ ನೆಲದಲ್ಲಿ ನಿಂತು ಕೇಳಿದ ಆ ಮನುಷ್ಯನ ಬಗ್ಗೆ ನನಗೆ ಬಹಳ ಗೌರವ. ಮರುವರ್ಷ ನಿರ್ಣಯವಾಯಿತು. ಸೋವಿಯತ್ ದೇಶ ಕೋಟಿಗಟ್ಟಲೆ ಲಸಿಕೆ ದಾನ ಕೊಟ್ಟಿತು. 1967ರಲ್ಲಿ ಕೆಲಸ ಬಿಗಿಯಾಗಿ ಶುರುವಾದಾಗ ಮುಂದಾಳಾಗಿ ನಿಂತವರು ಅಮೆರಿಕದ ಡಿ. ಎ. ಹೆಂಡರ್ಸನ್. ಎರಡೂ ದೇಶ ಒಂದರ ಕಡೆಗೊಂದು ಅಣುಬಾಂಬು ಗುರಿಯಿಟ್ಟುಕೊಂಡಿದ್ದ ಅದೇ ವರ್ಷಗಳಲ್ಲಿ ಈ ಕೆಲಸದಲ್ಲಿ ಮಾತ್ರ ಜೊತೆಯಾಗಿದ್ದವು.

1967ರಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಒಂದು ಕೋಟಿಗೂ ಮೇಲ್ಪಟ್ಟು ಜನಕ್ಕೆ ಸಿಡುಬು ಬರುತ್ತಿತ್ತು, ಸುಮಾರು 20 ಲಕ್ಷ ಜನ ಸಾಯುತ್ತಿದ್ದರು. ಇಪ್ಪತ್ತನೇ ಶತಮಾನವೊಂದರಲ್ಲೇ ಸುಮಾರು 30 ಕೋಟಿ ಜನ ಹೋದರೆಂದು ಅಂದಾಜು. ಎರಡು ಮಹಾಯುದ್ಧಗಳ ಸಾವನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ. ಬದುಕಿದವರಿಗೆ ಮುಖದ ತುಂಬ ಮೈಲಿಕಲೆ, ಎಷ್ಟೋ ಜನಕ್ಕೆ ಕಣ್ಣೇ ಹೋಯಿತು. ನನ್ನ ಸೋದರತ್ತೆಯ ಅತ್ತೆಗೆ ಹಾಗೆ ಒಂದು ಕಣ್ಣು ಹೋಗಿತ್ತು. ಅವರು ಯಾವಾಗಲೂ ಸೆರಗನ್ನು ಆ ಕಡೆಗೆ ಎಳೆದುಕೊಂಡೇ ಮಾತಾಡುತ್ತಿದ್ದರು.

ಹುಡುಗಿಗೆ ಆಶ್ಚರ್ಯವಾದದ್ದು ಸೂಜಿಯ ವಿಷಯ. ಬೆಂಜಮಿನ್ ರೂಬಿನ್ ಎಂಬುವರು ಎರಡು ಮೊನೆಯ ಸೂಜಿಯೊಂದನ್ನು ಮಾಡಿದರು. ನಮ್ಮ ಹೊಲಿಗೆ ಸೂಜಿಯ ಕಣ್ಣನ್ನು ಅರ್ಧಕ್ಕೆ ಕತ್ತರಿಸಿದರೆ ಹೇಗಿರುತ್ತದೋ ಹಾಗೆ, ಪುಟ್ಟ ಕವೆಯ ಹಾಗೆ. ಔಷಧಿಗೆ ಅದ್ದಿದರೆ ಎರಡು ಮೊನೆಯ ನಡುವೆ ಬೇಕಾದಷ್ಟೇ ಒಂದು ಹನಿ ನಿಲ್ಲುತ್ತದೆ. ಅದರಿಂದ ತೋಳಿಗೆ ಪಟಪಟನೆ ಹದಿನೈದು ಸಲ ಚುಚ್ಚಿದರೆ ಮುಗಿಯಿತು. ಹಳೆಯ ರೀತಿಯಲ್ಲಿ ಒಬ್ಬರಿಗೆ ಬೇಕಾಗುತ್ತಿದ್ದ ಲಸಿಕೆಯಲ್ಲಿ ನಾಲ್ವರಿಗೆ ಹಾಕಬಹುದಾಯಿತು. ಕುದಿಸಿದರೆ ಅದೇ ಸೂಜಿ ಮತ್ತೆ ಮತ್ತೆ ಬಳಕೆಗೆ ಬರುತ್ತಿತ್ತು. ಡಾಕ್ಟರೇ ಬೇಕೆಂದಿಲ್ಲ, ಹಳ್ಳಿಯ ಹುಡುಗರಿಗೆ ಕಾಲು ಗಂಟೆ ಹೇಳಿಕೊಟ್ಟರೂ ಹಾಕುತ್ತಿದ್ದರು.

ಲಸಿಕೆಯೂ ಸುಧಾರಿಸಿತ್ತು. ಮೊದಲಿನದು ಬಿಸಿಲಿಗೆ ಕೆಟ್ಟುಹೋಗುತ್ತಿತ್ತು. ಅದನ್ನು ಹೆಪ್ಪುಗಟ್ಟಿಸಿ ಒಣಗಿಸಿ ಪುಡಿ ಮಾಡುವ ಉಪಾಯ ಬಂದಮೇಲೆ ಕಡುಬೇಸಿಗೆಯಲ್ಲೂ ಒಂದು ತಿಂಗಳು ಕೆಡದೆ ಇರುತ್ತಿತ್ತು. ಆ ಪುಡಿ ಲಸಿಕೆಯನ್ನು ನಮ್ಮ ದೇಶದಲ್ಲಿ ಮಾಡುತ್ತಿದ್ದ ನಾಲ್ಕು ಕಡೆಗಳಲ್ಲಿ ನಮ್ಮ ಬೆಳಗಾವಿಯ ವ್ಯಾಕ್ಸಿನ್ ಇನ್‌ಸ್ಟಿಟ್ಯೂಟ್ ಒಂದು. ಕರುವಿನ ಹೊಟ್ಟೆಯ ಚರ್ಮ ಬೋಳಿಸಿ, ಅಲ್ಲಿ ಬೆಳೆಸಿ, ಕೆರೆದು ತೆಗೆಯುತ್ತಿದ್ದರು. ಅಕ್ಕ ಇದನ್ನು ಕೇಳಿ ಕೈ ಮುಗಿದರು. "ಹಾಲೂ ಕೊಟ್ಟು, ಇದನ್ನೂ ಕೊಟ್ಟಿತೇ" ಎಂದರು. ಬೆಳಗಾವಿ ಅಂದಕೂಡಲೇ ನಮಗೆ ಕುಂದಾ ನೆನಪಾಗುತ್ತದೆ, ಗಡಿ ಜಗಳ ನೆನಪಾಗುತ್ತದೆ. ಇದೂ ನೆನಪಾಗಬೇಕು ಎಂದು ನನ್ನಾಸೆ.

ಲಸಿಕೆ ಇದ್ದರೂ ಸೂಜಿ ಇದ್ದರೂ ಇಷ್ಟು ಜನಕ್ಕೆ ಹಾಕಿ ಮುಗಿಸುವುದು ಹೇಗೆ? ದಿನ ಬೆಳಗಾದರೆ ಹೊಸ ಮಕ್ಕಳು ಹುಟ್ಟುತ್ತವೆ. 1966ರ ಕೊನೆಯಲ್ಲಿ ನೈಜೀರಿಯಾದ ಪೂರ್ವಭಾಗದಲ್ಲಿ ವಿಲಿಯಂ ಫೇಗಿ ಎಂಬ ಡಾಕ್ಟರ ಹತ್ತಿರ ಎಲ್ಲರಿಗೂ ಸಾಕಾಗುವಷ್ಟು ಲಸಿಕೆ ಇರಲಿಲ್ಲ. ಆಗ ಅವರು ಎಲ್ಲೆಲ್ಲಿ ರೋಗಿಗಳಿದ್ದಾರೆ ಎಂದು ಮೊದಲು ಪತ್ತೆ ಮಾಡಿ, ಆ ಮನೆಯವರು, ಸುತ್ತಲಿನವರು, ಬಂದು ಹೋದವರು, ಇಷ್ಟು ಜನಕ್ಕೆ ಮಾತ್ರ ಹಾಕಿಸಿದರು. ರೋಗಕ್ಕೆ ಮುಂದೆ ಹೋಗಲು ದಾರಿಯೇ ಸಿಗದೆ ಅಲ್ಲಲ್ಲೇ ನಿಂತುಹೋಯಿತು. ಸಿಡುಬು ಮನುಷ್ಯನಲ್ಲಿ ಮಾತ್ರ ಇರುವ ರೋಗ. ದನಕ್ಕಿಲ್ಲ, ಇಲಿಗಿಲ್ಲ, ಸೊಳ್ಳೆ ಹೊರುವುದಿಲ್ಲ. ಬಂದವರ ಮುಖದ ಮೇಲೇ ಕಾಣುತ್ತದೆ, ಒಳಗೆ ಅಡಗಿ ಕೂರುವುದಿಲ್ಲ. ಹಾಗಾಗಿ ರೋಗಿಯ ಸುತ್ತ ಬೇಲಿ ಹಾಕಿದರೆ ಅದು ಅಲ್ಲೇ ಸಾಯಬೇಕು.

"1974ರ ಮೇ ತಿಂಗಳು ನೆನಪಿದೆಯಾ ಅಕ್ಕ?" ಎಂದು ಕೇಳಿದೆ.

"ಮರೆಯೋಕಾಗತ್ತಾ? ಮುಷ್ಕರ!" ಅಂದರು. ಅವರ ಯಜಮಾನರು ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು. ಮೇ 8ರಿಂದ ಇಪ್ಪತ್ತು ದಿನ ದೇಶದ ರೈಲ್ವೆ ನೌಕರರ ಮುಷ್ಕರ. ಕೈಯಲ್ಲಿ ಹಸುಗೂಸು, ಮನೆಯಲ್ಲಿ ಸಂಬಳವಿಲ್ಲ. ಅಂಗಡಿಯವರು ಲೆಕ್ಕ ಬರೆದುಕೊಂಡು ಅಕ್ಕಿ ಕೊಟ್ಟರಂತೆ. "ಅದರ ಮಧ್ಯೆ ಪೋಖ್ರಾನಲ್ಲಿ ಬಾಂಬ್ ಸಿಡಿಸಿದ್ರು. ಪೇಪರ್ ತುಂಬ ಅದೇ" ಎಂದರು. ಮೇ 18, ಸರಿಯಾಗಿ ನೆನಪಿಟ್ಟಿದ್ದರು.

ಅದೇ ಮೇ ತಿಂಗಳಲ್ಲಿ ಬಿಹಾರದಲ್ಲಿ ಸಿಡುಬು ಹೊತ್ತಿ ಉರಿಯುತ್ತಿತ್ತು. ಫೇಗಿಯವರ ಆ ಉಪಾಯದಂತೆಯೇ ನಡೆಸಿದ ಒಂದೇ ವಾರದ ಹುಡುಕಾಟದಲ್ಲಿ 8,000ಕ್ಕೂ ಹೆಚ್ಚು ಹೊಸ ರೋಗಿಗಳು ಸಿಕ್ಕರು. ಆ ವರ್ಷ ದೇಶದಲ್ಲಿ ಸುಮಾರು 1,88,000 ಜನಕ್ಕೆ ಬಂತು, 30,000ಕ್ಕೂ ಹೆಚ್ಚು ಜನ ಸತ್ತರು. ರೈಲು ನಿಂತದ್ದರಿಂದ ಲಸಿಕೆ ಸಾಗಿಸುವುದೂ ಕಷ್ಟವಾಯಿತು. ಆ ಬೇಗೆಯಲ್ಲಿ ಬಿಹಾರದ ಆರೋಗ್ಯ ಸಚಿವರು, ಈ ಹುಡುಕಾಟ ಸಾಕು, ಹಳೆಯ ಹಾಗೆ ಕಂಡಕಂಡವರಿಗೆಲ್ಲ ಲಸಿಕೆ ಹಾಕುತ್ತ ಹೋಗೋಣ ಎಂದು ಹಟ ಹಿಡಿದರು. ಸಭೆಯಲ್ಲಿ ಒಬ್ಬ ಯುವ ಭಾರತೀಯ ಡಾಕ್ಟರು ಎದ್ದುನಿಂತರು. ನಮ್ಮ ಹಳ್ಳಿಯಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ನಾವು ಎಲ್ಲ ಮನೆಗೂ ನೀರು ಹಾಕುವುದಿಲ್ಲ, ಉರಿಯುತ್ತಿರುವ ಮನೆಗೆ ಹಾಕುತ್ತೇವೆ ಎಂಬರ್ಥದ ಮಾತಾಡಿದರು. ಸಚಿವರು ಇನ್ನೊಂದು ತಿಂಗಳು ಅವಕಾಶ ಕೊಟ್ಟರು. ಆ ಸಭೆಯಲ್ಲಿದ್ದ ಫೇಗಿ ಮುಂದೆ ತಾವು ಬರೆದ ಪುಸ್ತಕಕ್ಕೆ 'ಹೌಸ್ ಆನ್ ಫೈರ್' ಎಂದೇ ಹೆಸರಿಟ್ಟರು. ಅಷ್ಟೊಂದು ಅಧಿಕಾರಿಗಳ ಮುಂದೆ ಊರಿನ ಬೆಂಕಿಯ ಉದಾಹರಣೆ ಹಿಡಿದು ನಿಲ್ಲಲು ಆ ಡಾಕ್ಟರಿಗೆ ಎಷ್ಟು ಧೈರ್ಯ ಬೇಕಿತ್ತೋ! ನನ್ನ ಕೈಲಾದರೆ ಆ ಸಭೆ ನಡೆದ ಕೋಣೆಯ ಬಾಗಿಲಿಗೆ ಒಂದು ಫಲಕ ಹಾಕಿಸುತ್ತಿದ್ದೆ.

ನೋಡಿ, ಆ ತಿಂಗಳು ನಮಗೆ ಮುಷ್ಕರ ಗೊತ್ತಿತ್ತು, ಬಾಂಬು ಗೊತ್ತಿತ್ತು. ಬಿಹಾರದ ಆ ಸಭೆ ಗೊತ್ತಿರಲಿಲ್ಲ. ಪಿಯುಸಿ ಓದುತ್ತಿದ್ದ ನನಗೂ ಗೊತ್ತಿರಲಿಲ್ಲ.

ಹುಡುಕಾಟ ಅಂದರೆ ಎಂಥ ಹುಡುಕಾಟ ಅಂತೀರಿ! ಆರೋಗ್ಯ ಇಲಾಖೆಯ ಒಂದು ಲಕ್ಷಕ್ಕೂ ಹೆಚ್ಚು ಜನ ಮನೆಮನೆಗೆ ಹೋಗಿ ಬಾಗಿಲು ತಟ್ಟಿದರು. ಒಂದೊಂದು ಸುತ್ತಿಗೆ ಸುಮಾರು ಹತ್ತು ಕೋಟಿ ಮನೆ. ಕೈಯಲ್ಲಿ ಒಂದು ಬಣ್ಣದ ಕಾರ್ಡು, ಅದರ ಮೇಲೆ ಸಿಡುಬು ಬಂದ ಮಗುವಿನ ಚಿತ್ರ. ಇಂಥವರನ್ನು ಎಲ್ಲಾದರೂ ನೋಡಿದ್ದೀರಾ ಎಂದು ಸಂತೆಯಲ್ಲಿ, ಚಹಾ ಅಂಗಡಿಯಲ್ಲಿ, ಶಾಲೆಯಲ್ಲಿ ಕೇಳುವುದು. ಶಾಲೆಯ ಮಕ್ಕಳೇ ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದರಂತೆ. ಸುದ್ದಿ ಕೊಟ್ಟವರಿಗೆ ಬಹುಮಾನ, ಮೊದಲು ಸಣ್ಣ ಮೊತ್ತ, ಕೊನೆಗೆ 1,000 ರೂಪಾಯಿ. ರೋಗಿ ಸಿಕ್ಕ ಮನೆಗೆ ಹಗಲೂ ರಾತ್ರಿ ಕಾವಲು. ಬಂದವರಿಗೆಲ್ಲ ಹೊಸ್ತಿಲಲ್ಲೇ ಲಸಿಕೆ. ಆ ಕಾವಲುಗಾರರು, ಆ ಲಸಿಕೆ ಹಾಕುವವರು, ಬೈಸಿಕಲ್ ಮೇಲೆ, ದೋಣಿಯ ಮೇಲೆ, ಕಾಲ್ನಡಿಗೆಯಲ್ಲಿ ಹೋದವರು ಯಾರ ಹೆಸರೂ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಬರ್ಲಿನ್ ಗೋಡೆಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಮಂಡೇಲಾ ಇಪ್ಪತ್ತೇಳು ವರ್ಷದ ಸೆರೆಯಿಂದ ಹೊರಗೆ ನಡೆದು ಬಂದದ್ದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಆದರೆ ಆ ಪಟ್ಟಿಯಲ್ಲಿ ಈ ಜನ ಇಲ್ಲದೆ ಹೋದರೆ ಅದು ಅನ್ಯಾಯ, ಅಷ್ಟೇ ನನ್ನ ಮಾತು.

1975ರ ಮೇ 24ರಂದು ಅಸ್ಸಾಮಿನ ಕರೀಂಗಂಜ್‌ನಲ್ಲಿ ಸಿಕ್ಕ ಒಬ್ಬ ಭಿಕ್ಷುಕಿ ಹೆಂಗಸೇ ನಮ್ಮ ದೇಶದ ಕೊನೆಯ ರೋಗಿ. ಗಡಿಯಾಚೆಯಿಂದ ಬಂದಿದ್ದಳು. ಹಿಂದಿನ ವರ್ಷ ಲಕ್ಷಗಟ್ಟಲೆ ಇದ್ದದ್ದು ಒಂದೇ ವರ್ಷದಲ್ಲಿ ಸೊನ್ನೆಗೆ ಬಂತು. ಆ ಅಕ್ಟೋಬರಿನಲ್ಲಿ ಬಾಂಗ್ಲಾದೇಶದ ಭೋಲಾ ದ್ವೀಪದಲ್ಲಿ ರಹೀಮಾ ಬಾನು ಎಂಬ ಪುಟ್ಟ ಹುಡುಗಿಗೆ ಕಾಣಿಸಿಕೊಂಡಿತು. ಸುದ್ದಿ ಕೊಟ್ಟವಳು ಎಂಟು ವರ್ಷದ ಹುಡುಗಿ, ಅವಳಿಗೆ 250 ಟಾಕಾ ಬಹುಮಾನ ಸಿಕ್ಕಿತು. ರಹೀಮಾ ಬದುಕಿದಳು. ಸಿಡುಬಿನ ಉಗ್ರ ರೂಪ ಸಹಜವಾಗಿ ಬಂದವರಲ್ಲಿ ಅವಳೇ ಕೊನೆ.

"ಎಂಟು ವರ್ಷದೋಳಾ?" ಎಂದು ಮೊಮ್ಮಗಳು ಕೇಳಿದಳು. ಹೌದು ಅಂದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಸೌಮ್ಯ ರೂಪದ ಸಿಡುಬು ಮಾತ್ರ ಆಫ್ರಿಕಾದ ಮೂಲೆಯಲ್ಲಿ ಉಳಿದಿತ್ತು. ಸೊಮಾಲಿಯಾದ ಮರ್ಕಾ ಪಟ್ಟಣದ ಆಸ್ಪತ್ರೆಯಲ್ಲಿ ಅಲಿ ಮಾವ್ ಮಾಲಿನ್ ಎಂಬ ಇಪ್ಪತ್ತಮೂರು ವರ್ಷದ ಅಡುಗೆಯವನಿದ್ದ. 1977ರ ಅಕ್ಟೋಬರ್ 12ರಂದು ಸಿಡುಬು ಬಂದ ಇಬ್ಬರು ಮಕ್ಕಳನ್ನು ಕರೆತಂದ ಗಾಡಿಯವರು ದಾರಿ ಕೇಳಿದರು. ಅವನು ಗಾಡಿ ಹತ್ತಿ ಕೂತು ಕೆಲವೇ ನಿಮಿಷ ಜೊತೆಗಿದ್ದು ದಾರಿ ತೋರಿಸಿದ. ಅಷ್ಟಕ್ಕೇ ಅಂಟಿತು. ಮೊದಲು ಮಲೇರಿಯಾ ಎಂದರು, ಆಮೇಲೆ ಸೀತಾಳೆ ಸಿಡುಬು ಎಂದರು. ನಿಜ ಗೊತ್ತಾದ ಮೇಲೆ ಎರಡು ವಾರದಲ್ಲಿ ಆ ಊರು, ಸುತ್ತಮುತ್ತ ಸೇರಿ 54,777 ಜನಕ್ಕೆ ಲಸಿಕೆ ಹಾಕಿದರು. ಗಾಡಿಯಲ್ಲಿದ್ದ ಆರು ವರ್ಷದ ಹುಡುಗಿ ಸತ್ತಳು. ಅಲಿ ಬದುಕಿದ. ಅವನಿಂದ ಇನ್ನೊಬ್ಬರಿಗೆ ಅಂಟಲಿಲ್ಲ. ಸಾವಿರಾರು ವರ್ಷದಿಂದ ಒಬ್ಬರಿಂದ ಒಬ್ಬರಿಗೆ ಹರಿದು ಬಂದದ್ದು ಅವನ ಹತ್ತಿರ ಬಂದು ನಿಂತಿತು.

ಅವನು ಹಿಂದೆ ಸ್ವಲ್ಪ ಕಾಲ ಸಿಡುಬಿನ ಲಸಿಕೆ ಹಾಕುವ ಕೆಲಸವನ್ನೇ ಮಾಡಿದ್ದ, ತಾನು ಮಾತ್ರ ಹಾಕಿಸಿಕೊಂಡಿರಲಿಲ್ಲ. ನೋಯುತ್ತದೆ ಎಂಬ ಭಯ.

"ಪಾಪ, ಕಣಜದ ಹಿಂದೆ ನೀನು ಅಡಗಿದ ಹಾಗೇ ಕಣಮ್ಮ" ಎಂದರು ಅಕ್ಕ.

ನನಗೆ ಅವನ ಕಥೆಯಲ್ಲಿ ಹಿಡಿಸುವುದು ಮುಂದಿನ ಭಾಗ. ಎಷ್ಟೋ ವರ್ಷದ ಮೇಲೆ ಸೊಮಾಲಿಯಾದಲ್ಲಿ ಪೋಲಿಯೊ ಓಡಿಸುವ ಕೆಲಸಕ್ಕೆ ಅವನು ತಾನಾಗಿ ಸೇರಿದ. ಹಾಕಿಸಲು ಹಿಂದೆಗೆಯುವ ತಾಯಂದಿರ ಹತ್ತಿರ ಕೂತು, ನಾನೂ ಹೀಗೇ ಹೆದರಿದ್ದೆ, ನನಗೇ ಕೊನೆಗೆ ಬಂತು ಎಂದು ತನ್ನ ಕಥೆ ಹೇಳಿ ಒಪ್ಪಿಸುತ್ತಿದ್ದ. 2013ರಲ್ಲಿ ಪೋಲಿಯೊ ಮತ್ತೆ ಅಲ್ಲಿ ತಲೆ ಎತ್ತಿದಾಗ ಮತ್ತೆ ಹೊರಟ. ಆ ಕೆಲಸದಲ್ಲಿರುವಾಗಲೇ ಜುಲೈ ತಿಂಗಳಲ್ಲಿ ಜ್ವರ ಬಂದು ತೀರಿಕೊಂಡ, ಮಲೇರಿಯಾ ಎಂದರು. ಅಕ್ಕ ಇದನ್ನು ಕೇಳಿ ಬಹಳ ಹೊತ್ತು ಕಾಳು ಮುಟ್ಟಲಿಲ್ಲ. "ನಮ್ಮಮ್ಮನ ಹತ್ರ ಅಂಥೋರು ಯಾರಾದ್ರೂ ಬಂದು ಕೂತಿದ್ದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ನಾನು ಏನೂ ಹೇಳಲಿಲ್ಲ.

1980ರ ಮೇ 8ರಂದು ಜಿನೀವಾದಲ್ಲಿ ವಿಶ್ವ ಆರೋಗ್ಯ ಸಭೆ, ಜಗತ್ತಿನಲ್ಲಿ ಸಿಡುಬು ಇಲ್ಲ ಎಂದು ಘೋಷಿಸಿತು. ಹುಡುಗಿ ಆ ತಾರೀಖನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡಳು. "ಈಗ ಎಲ್ಲೂ ಇಲ್ವಾ? ಒಂಚೂರೂ?"

ಅವಳಿಗೆ ಸುಳ್ಳು ಹೇಳುವುದಕ್ಕಾಗಲಿಲ್ಲ. ಎರಡು ಕಡೆ ಇದೆ. ಅಮೆರಿಕದ ಅಟ್ಲಾಂಟಾದಲ್ಲಿ, ರಷ್ಯದ ಸೈಬೀರಿಯಾದ ಕೋಲ್ಟ್ಸೊವೊದಲ್ಲಿ, ಕಟ್ಟುಕಾವಲಿನ ಪ್ರಯೋಗಶಾಲೆಗಳಲ್ಲಿ ವೈರಸ್ಸನ್ನು ಇಟ್ಟುಕೊಂಡಿದ್ದಾರೆ. ನಾಶ ಮಾಡಬೇಕೆಂದು ಮಾತು ಬರುತ್ತದೆ, ಮುಂದಕ್ಕೆ ಹೋಗುತ್ತದೆ. ಔಷಧಿ, ಪರೀಕ್ಷೆಗಳಿಗೆ ಬೇಕೆನ್ನುವ ವಿಜ್ಞಾನಿಗಳಿದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲ ಎಂದು ಹೇಳುವ ವಿದ್ಯೆ ನನಗಿಲ್ಲ. ಆದರೆ 1978ರಲ್ಲಿ, ಲೋಕದಲ್ಲಿ ಸಿಡುಬು ಮುಗಿದ ಮೇಲೆ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರಯೋಗಶಾಲೆಯಿದ್ದ ಕಟ್ಟಡದಲ್ಲೇ ಕೆಲಸ ಮಾಡುತ್ತಿದ್ದ ಛಾಯಾಗ್ರಾಹಕಿಯೊಬ್ಬರು ಸಿಡುಬಿನಿಂದ ಸತ್ತರು. ಅದನ್ನು ನೆನೆದಾಗೆಲ್ಲ ಆ ಎರಡು ಕಡೆಯದನ್ನೂ ಸುಟ್ಟುಬಿಡಲಿ ಎಂದೇ ನನಗೆ ಅನ್ನಿಸುತ್ತದೆ.

"ಅಮ್ಮನ್ನ ಡಬ್ಬಿಲಿ ಇಟ್ಕೊಂಡಿದಾರಾ?" ಎಂದು ಅಕ್ಕ ಬೆರಗಾದರು. ಅವರಿಗೆ ಈಗಲೂ ಸಿಡುಬು ಎಂದರೆ ಅಮ್ಮ. ಶುಕ್ರವಾರ ತಂಬಿಟ್ಟಿನ ಆರತಿ ತಪ್ಪಿಸುವುದಿಲ್ಲ. ಆ ಅಮ್ಮನಿಗೂ ಈ ದಾಕಿಗೂ ಅವರಲ್ಲಿ ಜಗಳವಿಲ್ಲ. "ಅಷ್ಟು ಜನ ಅಷ್ಟು ಕಷ್ಟಪಟ್ಟು ಓಡಾಡಿದ್ರಲ್ಲ, ಅವಳೇ ಶಾಂತಳಾದಳು" ಅಂದರು. ಪಾಠ ಮಾಡುವಾಗ ನಾನು ಹಾಗೆ ಹೇಳುತ್ತಿರಲಿಲ್ಲ. ಆದರೆ ತಮ್ಮನನ್ನು ಬಾಳೆ ಎಲೆಯ ಮೇಲೆ ನೋಡಿದವರು ಹಾಗೆ ಹೇಳಿದಾಗ ನನಗೆ ತಿದ್ದಬೇಕು ಅನ್ನಿಸಲಿಲ್ಲ.

ಕಾಳು ಮುಗಿದಿತ್ತು. ಹಿತುಕಿದ ಬೇಳೆಯಲ್ಲಿ ಅರ್ಧವನ್ನು ಅಕ್ಕ ನನ್ನ ಬೇಸಿನ್ನಿಗೆ ಸುರಿದರು, ಬೇಡ ಅಂದರೂ ಬಿಡಲಿಲ್ಲ. ಹುಡುಗಿ ಒಂದನೇದು, ಎರಡನೇದು ಎಂದು ಪಟ್ಟಿಯ ಅಂಕಿಗಳನ್ನೆಲ್ಲ ಹೊಡೆದುಹಾಕಿ ಹೊಸದಾಗಿ ಬರೆಯುತ್ತ ಮೆಟ್ಟಿಲ ಮೇಲೆ ಕೂತಳು. ನಡುವೆ ತಲೆಯೆತ್ತಿ, "ಅಜ್ಜಿ, ನಿಮ್ ತಮ್ಮನ ಹೆಸರೇನು?" ಎಂದು ಕೇಳಿದಳು. ಅಕ್ಕ ಹೇಳಿದರು. ಆ ಹೆಸರು ಅವರ ಬಾಯಲ್ಲಿ ನಾನು ಮೊದಲ ಸಲ ಕೇಳಿದೆ.

ಒಳಗೆ ಬಂದು ತೆಂಗಿನಕಾಯಿ ತುರಿಯಲು ಕೂತಿದ್ದೆ. ಸ್ವಲ್ಪ ಹೊತ್ತಿಗೆ ಪಕ್ಕದ ಅಡುಗೆಮನೆಯಲ್ಲಿ ಸಾಸಿವೆ ಸಿಡಿಯಿತು, ಇಂಗಿನ ಘಮ ಕಾಂಪೌಂಡು ದಾಟಿ ನಮ್ಮ ಕಿಟಕಿಗೆ ಬಂತು.